ಜಮಾಬಂದಿ: ಊರಿನ ಲೆಕ್ಕವನ್ನು ಯಾರು ಯಾರಿಗೆ ಒಪ್ಪಿಸಬೇಕು?

ವಿದ್ಯಾರ್ಥಿ ಮಿತ್ರರೇ, ಈ ಮಾಲೆಯ ಭಾಷಣವನ್ನು ದೂರದರ್ಶನದಲ್ಲಿ ನೋಡಿದವರು ‘ಜಮಾಬಂದಿ’ ಎಂಬ ಪದವನ್ನು ಅದರಲ್ಲಿ ಮೂರ್ನಾಲ್ಕು ಸಲ ಕೇಳಿರುತ್ತೀರಿ. ಕಾರ್ಯಕ್ರಮದ ಅವಧಿ ಚಿಕ್ಕದು; ಪದವನ್ನು ವಿವರಿಸಲು ಅಲ್ಲಿ ಸಮಯ ಸಾಲಲಿಲ್ಲ. ಅಲ್ಲಿ ಬಿಟ್ಟುಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ನಿಮ್ಮ ಅಜ್ಜಂದಿರಿಗೆ ಈ ಪದ ಪರಿಚಿತವೇ. ಆದರೆ ಅವರು ಕೇಳಿದ ಜಮಾಬಂದಿಯೇ ಬೇರೆ, ಇಂದು ನಿಮ್ಮ ಗ್ರಾಮ ಪಂಚಾಯಿತಿಯ ಕಟ್ಟೆಯ ಮೇಲೆ ನಡೆಯುವ ಜಮಾಬಂದಿಯೇ ಬೇರೆ. ಈ ಎರಡರ ನಡುವಿನ ಅಂತರವೇ ನಮ್ಮ ಇಂದಿನ ವಿಷಯ.

ಮುಂಬಯಿ ಇಲಾಖೆಯ ಆಡಳಿತದಲ್ಲಿ ಜಮಾಬಂದಿ ಎಂದರೆ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಭೂಕಂದಾಯದ ಲೆಕ್ಕ ತಪಾಸಣೆ. ವಂಶಪಾರಂಪರ್ಯವಾಗಿ ಬಂದ ಕುಲಕರ್ಣಿ ಊರಿನ ದಫ್ತರವನ್ನು ಬರೆದಿಡುತ್ತಿದ್ದ. ಪಾಟೀಲ ವಸೂಲಿ ಮಾಡಿಸುತ್ತಿದ್ದ. ಮೇಲಿನ ಸಾಹೇಬರು ಬಂದು ಯಾವ ಸರ್ವೆ ನಂಬರಿಗೆ ಎಷ್ಟು ಆಕಾರ, ಯಾರದು ಬಾಕಿ, ಯಾರಿಗೆ ಸೂಟು ಎಂಬುದನ್ನೆಲ್ಲ ನೋಡಿ ರುಜು ಹಾಕುತ್ತಿದ್ದರು. ಲೆಕ್ಕ ಕೇಳುವವರು ಮೇಲಿನವರು, ಲೆಕ್ಕ ಒಪ್ಪಿಸುವವರು ಊರಿನವರು. ರೈತ ಚಾವಡಿಯ ಹೊರಗೆ ರುಮಾಲು ಸರಿಪಡಿಸಿಕೊಳ್ಳುತ್ತ ತನ್ನ ಹೆಸರು ಬರುವವರೆಗೆ ಕಾಯಬೇಕು. ಹೀಗೆ ವಸೂಲಾದ ಹಣ ಮುಂದೆ ಯಾವ ರಸ್ತೆಗೆ, ಯಾವ ಬಾವಿಗೆ ಹೋಯಿತು ಎಂದು ಅವನು ತಿರುಗಿ ಕೇಳುವ ಪ್ರಶ್ನೆಯೇ ಇರಲಿಲ್ಲ.

ಅದಕ್ಕಿಂತಲೂ ಹಿಂದೆ ಏನಿತ್ತು ಎಂದು ನೀವು ಕೇಳಬಹುದು. ನಮ್ಮ ಹಳ್ಳಿಗಳು ಪ್ರಾಚೀನ ಕಾಲದಲ್ಲಿ ಪುಟ್ಟ ಗಣರಾಜ್ಯಗಳಾಗಿದ್ದವೆಂದು ಪಠ್ಯಪುಸ್ತಕಗಳಲ್ಲಿ ಓದಿರುತ್ತೀರಿ. ಅದರಲ್ಲಿ ಸ್ವಲ್ಪ ಸತ್ಯವೂ ಉಂಟು. ರಟ್ಟರ ಕಾಲದಲ್ಲಿ ರಾಯಬಾಗಕ್ಕೆ ‘ಹೂವಿನಬಾಗೆ’ ಎಂಬ ಸುಂದರವಾದ ಹೆಸರಿತ್ತು. ಆ ವಂಶದ ನಾಲ್ಕನೆಯ ಕಾರ್ತವೀರ್ಯನ ಕಾಲದ, 1204ರ ಬೆಳಗಾವಿ ಶಾಸನದಲ್ಲಿ ಒಂದು ವಿಶೇಷವಿದೆ. ಬೇರೆ ಬೇರೆ ಕಡೆಯ ವ್ಯಾಪಾರಿಗಳು ಒಟ್ಟಾಗಿ ಕೂಡಿ, ತಾವು ತರುವ ಸರಕಿನ ಮೇಲೆ ಇಂತಿಷ್ಟು ಎಂದು ಒಪ್ಪಿಕೊಂಡು ಬಸದಿಗೆ ಬಿಟ್ಟುಕೊಟ್ಟ ವಿವರ ಅದರಲ್ಲಿದೆ. ತಮ್ಮ ಹಣ ಯಾವುದಕ್ಕೆ ಸಲ್ಲಬೇಕೆಂದು ಕೊಡುವವರೇ ಕುಳಿತು ತೀರ್ಮಾನಿಸಿದರು. ಅದನ್ನು ಯಾರೂ ಮರೆಯದಂತೆ ಕಲ್ಲಿನಲ್ಲಿ ಬರೆಸಿದರು. ಇದು ಮೆಚ್ಚಬೇಕಾದದ್ದೇ. ಆದರೆ ಆ ಸಭೆಯಲ್ಲಿ ಕುಳಿತವರು ಯಾರು? ವ್ಯಾಪಾರಿ ಸಂಘದವರು, ಊರಿನ ಮುಖ್ಯಸ್ಥರು. ಹೊಲದಲ್ಲಿ ದುಡಿಯುವವನು, ಊರ ಹೊರಗಿನ ಕೇರಿಯವನು, ಹೆಂಗಸರು ಅಲ್ಲಿದ್ದರೆಂದು ಹೇಳಲು ಆಧಾರವಿಲ್ಲ. ಆದ್ದರಿಂದ ‘ಆ ಸುವರ್ಣಯುಗ ಮತ್ತೆ ಬರಲಿ’ ಎಂಬ ಮಾತನ್ನು ನಾನು ಒಪ್ಪಲಾರೆ.

ಈಗ ಹತ್ತೊಂಬತ್ತನೆಯ ಶತಮಾನಕ್ಕೆ ಬರೋಣ. 1850ರಲ್ಲಿ ಕಂಪನಿ ಸರಕಾರವು ಪಟ್ಟಣಗಳ ಸುಧಾರಣೆಗಾಗಿ ಒಂದು ಕಾಯ್ದೆ ಮಾಡಿತು. ಆ ವರ್ಷದ 26ನೆಯ ಕಾಯ್ದೆ ಅದು. ಪಟ್ಟಣದ ನಿವಾಸಿಗಳಿಗೆ ಬೇಕಾಗಿದ್ದರೆ ಮಾತ್ರ ಅದನ್ನು ಅಲ್ಲಿ ಜಾರಿಗೆ ತರಬೇಕು ಎಂಬುದು ಅದರ ತತ್ವವಾಗಿತ್ತು. ಮುಂಬಯಿ ಇಲಾಖೆಯ ಅನೇಕ ಊರುಗಳಲ್ಲಿ ಇದು ಜಾರಿಗೆ ಬಂದು, ಅದೇ ದಶಕದಲ್ಲಿ ಅಥಣಿ ಮತ್ತು ನಿಪ್ಪಾಣಿಗಳಲ್ಲಿ ಮುನ್ಸಿಪಾಲಿಟಿಗಳು ಸ್ಥಾಪನೆಯಾದವು. ಅಂದರೆ ಈ ಎರಡು ಪಟ್ಟಣಗಳ ಪುರಸಭೆಯ ಇತಿಹಾಸ 1857ರ ದಂಗೆಯಷ್ಟು ಹಳೆಯದು. ಅವುಗಳ ಆದಾಯದ ದೊಡ್ಡ ಪಾಲು ಜಕಾತಿಯಿಂದ ಬರುತ್ತಿತ್ತು. ಊರಿನ ಅಂಚಿನ ನಾಕಾದಲ್ಲಿ ಗಾಡಿ ನಿಲ್ಲಿಸಿ ಬೆಲ್ಲ, ಕಾಳು, ಅರಿವೆಯ ಮೇಲೆ ವಸೂಲಿ ಮಾಡುತ್ತಿದ್ದ ತೆರಿಗೆ ಅದು. 1979ರಲ್ಲಿ ಕರ್ನಾಟಕದಲ್ಲಿ ಜಕಾತಿ ರದ್ದಾಗುವವರೆಗೂ ಆ ನಾಕಾಗಳಿದ್ದವು. ನಿಮ್ಮ ತಂದೆಯವರನ್ನು ಕೇಳಿದರೆ ಅವು ಎಲ್ಲಿದ್ದವೆಂದು ತೋರಿಸಿಯಾರು. ಇಲ್ಲಿ ಒಂದು ವಿಚಾರವನ್ನು ಗಮನಿಸಿ. ಜಕಾತಿಯ ಭಾರ ಕೊನೆಗೆ ಬೀಳುತ್ತಿದ್ದುದು ಸಂತೆಯಲ್ಲಿ ಪಾವು ಬೆಲ್ಲ ಕೊಳ್ಳುವ ಕೂಲಿಯ ಮೇಲೂ. ಆದರೆ ಮುಂದೆ ಚುನಾವಣೆಗಳು ಬಂದಾಗ ಮತ ಸಿಕ್ಕಿದ್ದು ಆಸ್ತಿ, ಮನೆಪಟ್ಟಿ ಇದ್ದವರಿಗೆ. ಕೊಟ್ಟವರೆಲ್ಲರಿಗೂ ಕೇಳುವ ಹಕ್ಕು ಇರಲಿಲ್ಲ.

ಹಳ್ಳಿಗಳ ಕಥೆ ಇನ್ನೂ ಸ್ವಾರಸ್ಯವಾಗಿದೆ. 1860ರ ದಶಕದಲ್ಲಿ ಮುಂಬಯಿ ಸರಕಾರವು ಭೂಕಂದಾಯದ ಪ್ರತಿ ರೂಪಾಯಿಗೆ ಒಂದು ಆಣೆಯಂತೆ ಹೆಚ್ಚುವರಿ ಕರ ಹಾಕಿತು; 1869ರ ಸ್ಥಳೀಯ ನಿಧಿ ಕಾಯ್ದೆ ಇದಕ್ಕೆ ಕಾನೂನಿನ ರೂಪ ಕೊಟ್ಟಿತು. ಇದೇ ‘ಲೋಕಲ್ ಫಂಡು’. ಇದರಲ್ಲಿ ಮೂರನೇ ಎರಡು ಪಾಲು ರಸ್ತೆ ಮೊದಲಾದ ಕಾಮಗಾರಿಗೆ, ಮೂರನೇ ಒಂದು ಪಾಲು ಶಾಲೆಗೆ. ಲೆಕ್ಕ ಮಾಡಿ ನೋಡಿ. ವರ್ಷಕ್ಕೆ 12 ರೂಪಾಯಿ ಕಂದಾಯ ಕಟ್ಟುವ ಅಥಣಿಯ ರೈತ ಇನ್ನೂ 12 ಆಣೆ ಕೊಡಬೇಕು. ಅದರಲ್ಲಿ 8 ಆಣೆ ರಸ್ತೆಗೆ, 4 ಆಣೆ ಶಾಲೆಗೆ. ನಮ್ಮ ಭಾಗದ ಕೆಲವು ಹಳೆಯ ಕನ್ನಡ ಶಾಲೆಗಳು ನೂರೈವತ್ತನೆಯ ವರ್ಷದ ಹಬ್ಬ ಆಚರಿಸುವಾಗ ಆ ನಾಲ್ಕಾಣೆಯನ್ನು ಯಾರೂ ನೆನೆಯುವುದಿಲ್ಲ. ಕಲ್ಲಿನ ಫಲಕದಲ್ಲಿ ಉದ್ಘಾಟನೆ ಮಾಡಿದ ಸಾಹೇಬರ ಹೆಸರಿರುತ್ತದೆ.

ಈ ಹಣವನ್ನು ಎಲ್ಲಿ ಖರ್ಚು ಮಾಡಬೇಕೆಂದು ಯಾರು ನಿರ್ಧರಿಸುತ್ತಿದ್ದರು? ತಾಲೂಕಿಗೊಂದು ಸಮಿತಿ ಇತ್ತು. ಅದರಲ್ಲಿ ಅಸಿಸ್ಟಂಟ್ ಕಲೆಕ್ಟರರು, ಮಾಮಲೇದಾರರು, ಕಟ್ಟಡ ಇಲಾಖೆಯ ಅಧಿಕಾರಿ, ಶಿಕ್ಷಣ ಇಲಾಖೆಯ ಡೆಪ್ಯುಟಿ ಇನ್‌ಸ್ಪೆಕ್ಟರರು ಹೀಗೆ ನಾಲ್ವರು ಸರಕಾರಿ ಸದಸ್ಯರು. ಜೊತೆಗೆ ಒಬ್ಬ ಇನಾಮದಾರ, ಮೂವರು ಭೂಹಿಡುವಳಿದಾರರು. ತಾಲೂಕು ಸಮಿತಿ ವರ್ಷಕ್ಕೊಮ್ಮೆ ಬೇಕಾದ ಕೆಲಸಗಳ ಯಾದಿ ಮಾಡಿ ಮೇಲೆ ಕಳುಹಿಸಬೇಕು, ಎಂಜಿನಿಯರರು ಪರಿಶೀಲಿಸಬೇಕು, ಕಲೆಕ್ಟರರ ಅಧ್ಯಕ್ಷತೆಯ ಜಿಲ್ಲಾ ಸಮಿತಿ ಮಂಜೂರು ಮಾಡಬೇಕು. ಎಂಟು ಜನರಲ್ಲಿ ನಾಲ್ವರು ಊರಿನವರೇ ಎಂದರೆ ಕೇಳಲು ಚೆನ್ನಾಗಿದೆ. ಆದರೆ ಅವರು ಆಯ್ಕೆಯಾದವರಲ್ಲ, ಆರಿಸಿ ಕೂಡಿಸಿದವರು. ಸಾಹೇಬರ ಎದುರು ಕುರ್ಚಿ ಸಿಕ್ಕಿದ್ದೇ ದೊಡ್ಡ ಮರ್ಯಾದೆ ಎಂದು ತಿಳಿದ ಆ ಮೂವರು ರೈತರು, ‘ನಮ್ಮೂರ ಹಳ್ಳಕ್ಕೆ ಸೇತುವೆ ಬೇಕರಿ’ ಎಂದು ಎಷ್ಟು ಗಟ್ಟಿಯಾಗಿ ಹೇಳಿರಬಹುದು? ಊಹೆಯನ್ನು ನಿಮಗೇ ಬಿಡುತ್ತೇನೆ.

1882ರ ಮೇ 18ರಂದು ವೈಸ್‌ರಾಯ್ ಲಾರ್ಡ್ ರಿಪ್ಪನ್ ಹೊರಡಿಸಿದ ಗೊತ್ತುವಳಿ ನಿಮ್ಮ ಪರೀಕ್ಷೆಗೆ ಬರುವ ವಿಷಯ. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅದರ ಫಲವಾಗಿ 1884ರಲ್ಲಿ ಮುಂಬಯಿಯಲ್ಲಿ ಹೊಸ ಲೋಕಲ್ ಬೋರ್ಡು ಕಾಯ್ದೆ ಬಂತು; ತಾಲೂಕು ಮತ್ತು ಜಿಲ್ಲಾ ಬೋರ್ಡುಗಳಲ್ಲಿ ಕೆಲವು ಸ್ಥಾನಗಳಿಗೆ ಚುನಾವಣೆ ಆರಂಭವಾಯಿತು. 1923ರ ಕಾಯ್ದೆ ಇವುಗಳನ್ನು ಇನ್ನಷ್ಟು ವಿಸ್ತರಿಸಿತು.

ರಾಯಬಾಗದ ವಿದ್ಯಾರ್ಥಿಗಳು ಇಲ್ಲಿ ತಡೆದು ಪ್ರಶ್ನೆ ಕೇಳಬೇಕು. ಏಕೆಂದರೆ ರಾಯಬಾಗ ಆಗ ಬ್ರಿಟಿಷ್ ಬೆಳಗಾವಿ ಜಿಲ್ಲೆಯಲ್ಲಿರಲಿಲ್ಲ. ಅದು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ ಛತ್ರಪತಿ ಶಾಹು ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯ ಮಾಡಿದರು. ಬ್ರಿಟಿಷ್ ಹದ್ದಿನ ಪಕ್ಕದ ಹಳ್ಳಿಗಳಿಗೆ ಆಗ ಇಂಥ ಭಾಗ್ಯವಿರಲಿಲ್ಲ. ಸಾರ್ವಜನಿಕ ಹಣದ ಇದಕ್ಕಿಂತ ಒಳ್ಳೆಯ ಉಪಯೋಗವನ್ನು ಹೇಳುವುದು ಕಷ್ಟ. ಆದರೂ ಅದು ದೊರೆಯ ತೀರ್ಮಾನ, ಪ್ರಜೆಗಳ ತೀರ್ಮಾನವಲ್ಲ. ಜನ ಸೇರಿ ನಿರ್ಧರಿಸಿದ್ದರೆ ಆ ಕಾಲದ ಊರ ಪ್ರಮುಖರು ಎಲ್ಲ ಜಾತಿಯ ಮಕ್ಕಳ ಶಾಲೆಗೆ ಹಣ ಕೊಡಲು ಒಪ್ಪುತ್ತಿದ್ದರೇ? ಈ ಪ್ರಶ್ನೆ ನನ್ನನ್ನು ಬಹಳ ಸಲ ಕಾಡಿದೆ. ‘ಜನರು ನಿರ್ಧರಿಸಲಿ’ ಎನ್ನುವ ಮೊದಲು ‘ಯಾವ ಜನರು?’ ಎಂದು ಕೇಳಿಕೊಳ್ಳಲೇಬೇಕು.

ಈ ಪ್ರಶ್ನೆಯನ್ನು ಅತ್ಯಂತ ಸ್ಪಷ್ಟವಾಗಿ ಕೇಳಿದವರು ಡಾ. ಬಿ.ಆರ್. ಅಂಬೇಡ್ಕರರು. ನಿಪ್ಪಾಣಿಗೂ ಅವರಿಗೂ ಹಳೆಯ ನಂಟು. 1925ರ ಏಪ್ರಿಲ್‌ನಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತ ವರ್ಗಗಳ ಪರಿಷತ್ತು ನಿಪ್ಪಾಣಿಯಲ್ಲಿ ಸೇರಿದಾಗ ಅವರು ಅಲ್ಲಿಗೆ ಬಂದಿದ್ದರು. ಆ ವೇಳೆಗೆ ಮುಂಬಯಿ ಶಾಸನ ಪರಿಷತ್ತಿನಲ್ಲಿ ಒಂದು ಮಹತ್ವದ ಗೊತ್ತುವಳಿ ಅಂಗೀಕಾರವಾಗಿ ಎರಡು ವರ್ಷಗಳಾಗುತ್ತ ಬಂದಿದ್ದವು. 1923ರ ಆಗಸ್ಟ್ 4ರಂದು ಎಸ್.ಕೆ. ಬೋಲೆಯವರು ಮಂಡಿಸಿದ ಆ ಗೊತ್ತುವಳಿ ಹೇಳುವುದಿಷ್ಟೆ: ಸಾರ್ವಜನಿಕ ಹಣದಿಂದ ಕಟ್ಟಿದ ಅಥವಾ ನಡೆಸುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ದವಾಖಾನೆಗಳನ್ನು ಅಸ್ಪೃಶ್ಯರೆಂದು ದೂರವಿಟ್ಟ ಜನರೂ ಬಳಸುವಂತಾಗಬೇಕು. ಮೇಲಿನ ಒಂದಾಣೆಯ ಲೆಕ್ಕವನ್ನು ಈಗ ನೆನಪಿಸಿಕೊಳ್ಳಿ. ಲೋಕಲ್ ಫಂಡಿನ ಹಣದಿಂದ ತೋಡಿಸಿದ ಬಾವಿಯ ನೀರನ್ನು, ಆ ಹಣವನ್ನು ತನ್ನ ದುಡಿಮೆಯಿಂದ ತುಂಬಿದವನೇ ಮುಟ್ಟುವಂತಿರಲಿಲ್ಲ! ಗೊತ್ತುವಳಿ ಪಾಸಾದರೂ ಮುನ್ಸಿಪಾಲಿಟಿ ಮತ್ತು ಲೋಕಲ್ ಬೋರ್ಡುಗಳು ಅದನ್ನು ಕಪಾಟಿನಲ್ಲಿಟ್ಟವು. ಆಗ 1926ರಲ್ಲಿ ಬೋಲೆಯವರು ಇನ್ನೊಂದು ಗೊತ್ತುವಳಿ ತಂದರು. ಈ ನಿಯಮವನ್ನು ಪಾಲಿಸದ ಸ್ಥಳೀಯ ಸಂಸ್ಥೆಗಳಿಗೆ ಸರಕಾರ ಅನುದಾನ ಕೊಡಕೂಡದು ಎಂಬುದು ಅದರ ಸಾರ. ಮಹಾಡದ ಚವದಾರ ಕೆರೆಯ 1927ರ ಸತ್ಯಾಗ್ರಹವನ್ನು ನೀವೆಲ್ಲ ಬಲ್ಲಿರಿ. ಅದರ ಬೇರು ಮುನ್ಸಿಪಾಲಿಟಿಯ ಒಂದು ಕೆರೆಯಲ್ಲಿದೆ, ಸಾರ್ವಜನಿಕ ಹಣ ಯಾರದು ಎಂಬ ಪ್ರಶ್ನೆಯಲ್ಲಿದೆ ಎಂಬುದನ್ನು ಮಾತ್ರ ನಾವು ಮರೆಯುತ್ತೇವೆ.

1932ರ ಅಕ್ಟೋಬರ್ 6ರಂದು ಮುಂಬಯಿ ಪರಿಷತ್ತಿನಲ್ಲಿ ಗ್ರಾಮ ಪಂಚಾಯತಿ ಮಸೂದೆಯ ಮೇಲೆ ಅಂಬೇಡ್ಕರರು ಮಾತನಾಡಿದರು. ಹಳ್ಳಿಗೆ ಅಧಿಕಾರ ಕೊಡುವುದು ಒಳ್ಳೆಯದೆಂದು ಎಲ್ಲರೂ ಹೊಗಳುತ್ತಿದ್ದಾಗ ಅವರು ಬೇರೆ ಮಾತು ಹೇಳಿದರು. ಪ್ರತಿ ಹಳ್ಳಿಯಲ್ಲೂ ದಲಿತರು ಕೆಲವೇ ಮನೆಗಳಷ್ಟಿರುತ್ತಾರೆ. ಎಲ್ಲರಿಗೂ ಮತ ಕೊಟ್ಟರೂ ತಮ್ಮವನೊಬ್ಬನನ್ನು ಆರಿಸಿ ಕಳಿಸಲು ಅವರಿಗಾಗದು. ಆದ್ದರಿಂದ ಮೀಸಲು ಸ್ಥಾನಗಳಿಲ್ಲದ ಪಂಚಾಯತಿಯನ್ನು ತಾನು ಒಪ್ಪಲಾರೆ ಎಂಬುದು ಅವರ ವಾದವಾಗಿತ್ತು. ಮಸೂದೆ 1933ರಲ್ಲಿ ಕಾಯ್ದೆಯಾಯಿತು. ಪಂಚಾಯತಿಯಲ್ಲಿ ದಲಿತರಿಗೆ ಅವರ ಸಂಖ್ಯೆಗೆ ತಕ್ಕ ಸ್ಥಾನ ಕೊಡಬೇಕೆಂದು ಸಂವಿಧಾನದಲ್ಲಿಯೇ ಬರೆದದ್ದು ಅವರ ಭಾಷಣವಾಗಿ ಅರವತ್ತು ವರ್ಷಗಳ ಮೇಲೆ, 1993ರಲ್ಲಿ.

ಸ್ವಾತಂತ್ರ್ಯದ ನಂತರದ ಘಟನೆಗಳನ್ನು ಬೇಗ ಬೇಗ ನೋಡೋಣ. 1949ರ ಮಾರ್ಚ್ 1ರಂದು ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ರಾಯಬಾಗ ಬೆಳಗಾವಿ ಜಿಲ್ಲೆಗೆ ಬಂತು. 1951ರಲ್ಲಿ ಕುಲಕರ್ಣಿ ವತನ ರದ್ದಾಯಿತು. ದಫ್ತರ ತಲಾಠಿಯ ಕೈಗೆ ಬಂತು. 1956ರ ನವೆಂಬರ್ 1ರಂದು ಚಂದಗಡ ತಾಲೂಕನ್ನು ಬಿಟ್ಟು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1959ರ ಕಾಯ್ದೆಯಿಂದ ಗ್ರಾಮ ಪಂಚಾಯತಿ ಮತ್ತು ತಾಲೂಕು ಅಭಿವೃದ್ಧಿ ಮಂಡಳಿಗಳಾದವು. ನಿಪ್ಪಾಣಿ ಮತ್ತು ಕಾಗವಾಡ ತಾಲೂಕುಗಳು ತೀರಾ ಈಚಿನವು. 2018ರಲ್ಲಿ ಕಾರ್ಯಾರಂಭ ಮಾಡಿದವು.

ಹೊಸ ಗಾಳಿ ಬೀಸಿದ್ದು 1980ರ ದಶಕದಲ್ಲಿ. ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರು, ಕೊಳವೆ ಬಾವಿ ಕೊರೆಯಿಸಿ ‘ನೀರ್ ಸಾಬ್’ ಎಂದು ಹೆಸರಾದವರು, ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಕಾಯ್ದೆ ತಂದರು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಕಾಲುಭಾಗ ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ವರ್ಷಕ್ಕೆ ಎರಡು ಸಲವಾದರೂ ಗ್ರಾಮಸಭೆ ಕೂಡಬೇಕು, ಅಲ್ಲಿ ಊರಿನ ಮತದಾರರೆಲ್ಲ ಸದಸ್ಯರೇ ಎಂಬ ನಿಯಮ ಬಂತು. ನಗರದ ಬಜೆಟ್ಟನ್ನು ಜನರೇ ಕುಳಿತು ತೀರ್ಮಾನಿಸುವ ಪದ್ಧತಿಗೆ ಜಗತ್ತಿನಲ್ಲೆಲ್ಲ ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರವನ್ನು ಉದಾಹರಿಸುತ್ತಾರೆ. ಅಲ್ಲಿ ಅದು ಆರಂಭವಾದದ್ದು 1989ರಲ್ಲಿ. ನಮ್ಮ ಗ್ರಾಮಸಭೆ ಅದಕ್ಕಿಂತ ಎರಡು ವರ್ಷ ಹಿರಿಯದು ಎಂದು ಹೆಮ್ಮೆಪಡಬಹುದು. ಆದರೆ ವ್ಯತ್ಯಾಸವನ್ನೂ ಮರೆಮಾಚಬಾರದು. ಅಲ್ಲಿ ಜನರು ಹೇಳಿದ್ದು ಬಜೆಟ್ಟಿನ ಅಂಕಿಯಾಗುತ್ತಿತ್ತು. ಇಲ್ಲಿ ಜನರು ಹೇಳಿದ್ದು ಬಹುಮಟ್ಟಿಗೆ ಬೇಡಿಕೆಯ ಪಟ್ಟಿಯಾಗಿ ಉಳಿಯುತ್ತಿತ್ತು.

ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಯಾಯಿತು. ಅದಾದ ಹದಿನಾರೇ ದಿನಕ್ಕೆ, ಮೇ 10ರಂದು, ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ ಜಾರಿಗೆ ಬಂತು. ಮುಂದಿನ ತಿದ್ದುಪಡಿಗಳಲ್ಲಿ ವಾರ್ಡ್ ಸಭೆ ಬಂತು: ಮೊದಲು ಓಣಿಯವರು ಕೂಡಿ ತಮ್ಮ ಓಣಿಗೆ ಬೇಕಾದುದನ್ನು ಹೇಳಬೇಕು, ಅದರ ಮೇಲೆ ಗ್ರಾಮಸಭೆ ಇಡೀ ಪಂಚಾಯಿತಿಯ ಆದ್ಯತೆ ನಿಶ್ಚಯಿಸಬೇಕು. ಗ್ರಾಮಸಭೆಗೆ ಮತದಾರರಲ್ಲಿ ಹತ್ತನೆಯ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಜನರ ಕೋರಂ ಬೇಕು. 2005ರ ಉದ್ಯೋಗ ಖಾತ್ರಿ ಕಾಯ್ದೆಯು ಕಾಮಗಾರಿಗಳ ಕನಿಷ್ಠ ಅರ್ಧದಷ್ಟು ವೆಚ್ಚವನ್ನು ಗ್ರಾಮ ಪಂಚಾಯಿತಿಯ ಮೂಲಕವೇ ಮಾಡಬೇಕು, ಅದರ ಸಾಮಾಜಿಕ ಪರಿಶೋಧನೆ ಗ್ರಾಮಸಭೆಯಲ್ಲಿ ಆಗಬೇಕು ಎಂದಿತು. 2015ರಿಂದ ಕೇಂದ್ರ ಹಣಕಾಸು ಆಯೋಗದ ಅನುದಾನ ನೇರವಾಗಿ ಗ್ರಾಮ ಪಂಚಾಯಿತಿಗೆ ಬರತೊಡಗಿತು.

2000ದ ದಶಕದ ಆರಂಭದಲ್ಲಿ ನಮ್ಮ ಆ ಹಳೆಯ ಪದವೂ ಹೊಸ ವೇಷದಲ್ಲಿ ಬಂತು. ಪಂಚಾಯಿತಿ ಜಮಾಬಂದಿ! ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ ಪ್ರತಿ ಗ್ರಾಮ ಪಂಚಾಯಿತಿಯೂ ಹಿಂದಿನ ಆರ್ಥಿಕ ವರ್ಷದ ಜಮಾ ಎಷ್ಟು, ಖರ್ಚು ಎಷ್ಟು, ಯಾವ ಕಾಮಗಾರಿಗೆ ಎಷ್ಟು ಬಿಲ್ಲಾಯಿತು ಎಂಬುದನ್ನು ಜನರ ಮುಂದೆ ಓದಬೇಕು. ಕಡತಗಳನ್ನು ಮೇಜಿನ ಮೇಲಿಡಬೇಕು. ಬೇಕಾದರೆ ಕಾಮಗಾರಿಯ ಸ್ಥಳಕ್ಕೇ ಹೋಗಿ ನೋಡಬಹುದು. ಚಾವಡಿಯ ಹೊರಗೆ ಕಾಯುತ್ತಿದ್ದ ರೈತನ ಮೊಮ್ಮಗ ಈಗ ಕುರ್ಚಿಯಲ್ಲಿ ಕುಳಿತು ಲೆಕ್ಕ ಕೇಳುವವನು. ಮೇಜಿನ ಆಚೆ ನಿಂತವರು ಲೆಕ್ಕ ಒಪ್ಪಿಸುವವರು. ಸಭೆ ನಡೆಸಿಕೊಡಲು ಮಾತ್ರ ಇನ್ನೂ ಮೇಲಿನಿಂದ ಒಬ್ಬ ಜಮಾಬಂದಿ ಅಧಿಕಾರಿ ಬರುತ್ತಾರೆ. ಹಳೆಯ ಪದದ ವಾಸನೆ ಪೂರ್ತಿ ಹೋಗಿಲ್ಲ!

ಕಾಯ್ದೆಯ ಮಾತು ಇಷ್ಟು. ಈಗ ನಮ್ಮ ಐದು ತಾಲೂಕುಗಳ ನೆಲದ ಮೇಲೆ ಇದು ಹೇಗೆ ನಡೆಯುತ್ತದೆ ಎಂಬುದನ್ನು ನೋಡಬೇಕು. ಮೊದಲನೆಯದು ದಿನ ಮತ್ತು ವೇಳೆ. ಗ್ರಾಮಸಭೆಯನ್ನು ಹಲವೆಡೆ ಗಾಂಧಿ ಜಯಂತಿ, ಗಣರಾಜ್ಯೋತ್ಸವಗಳ ಆಸುಪಾಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಜನವರಿ ತಿಂಗಳೆಂದರೆ ಕೃಷ್ಣಾ ತೀರದಲ್ಲಿ ಕಬ್ಬು ಕಡಿಯುವ ಭರದ ಕಾಲ. ಕಾರ್ಖಾನೆಯ ಗಾಡಿ ಹೊಲಕ್ಕೆ ಬಂದ ದಿನ ಸಭೆಗೆ ಹೋಗು ಎಂದರೆ ಯಾವ ರೈತ ಹೋದಾನು? ನಿಪ್ಪಾಣಿಯ ಕಡೆಗೆ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಸಭೆಯಲ್ಲಿ ಕಳೆದ ಮಧ್ಯಾಹ್ನಕ್ಕೆ ಅವರ ಸೂಪಿನಲ್ಲಿ ಬೀಡಿ ಇರುವುದಿಲ್ಲ. ಸಭೆಗೆ ಬರುವುದು ಪುಕ್ಕಟೆ ಎಂದು ನಾವು ನೌಕರಿಯವರು ತಿಳಿದಿದ್ದೇವೆ. ಕೂಲಿಯವರಿಗೆ ಅದು ಪುಕ್ಕಟೆಯಲ್ಲ.

ಎರಡನೆಯದು ನೀರು. ಒಂದೇ ಜಿಲ್ಲೆ, ಅಕ್ಕಪಕ್ಕದ ತಾಲೂಕುಗಳು. ಆದರೆ ಯಡೂರ, ಮಾಂಜರಿ, ಕುಡಚಿ, ಜುಗೂಳದಂಥ ನದಿತೀರದ ಊರುಗಳ ಸಭೆಯಲ್ಲಿ ನೆರೆಯ ಮಾತು, ತೆಲಸಂಗದ ಕಡೆಯ ಸಭೆಯಲ್ಲಿ ಟ್ಯಾಂಕರಿನ ಮಾತು. 2005ರಲ್ಲಿ ಮತ್ತು 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬಂದಾಗ ಬಿದ್ದ ಮನೆಗಳ ಯಾದಿ ಊರೂರಲ್ಲಿ ಜಗಳಕ್ಕೆ ಕಾರಣವಾಯಿತು. ಪೂರ್ತಿ ಬಿದ್ದದ್ದು ಯಾವುದು, ಅರ್ಧ ಬಿದ್ದದ್ದು ಯಾವುದು, ಬೀಳದೆಯೇ ಯಾದಿಯಲ್ಲಿ ಬಿದ್ದದ್ದು ಯಾವುದು ಎಂಬುದು ಓಣಿಯವರಿಗೆ ಗೊತ್ತಿದ್ದಷ್ಟು ಯಾವ ಎಂಜಿನಿಯರಿಗೂ ಗೊತ್ತಿರುವುದಿಲ್ಲ. ಯಾದಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರೆ ಅರ್ಧ ತಪ್ಪು ಅಲ್ಲಿಯೇ ತಿದ್ದಿಹೋಗುತ್ತದೆ. ಹಾಗೆ ಓದುವುದನ್ನು ಕೆಲವರು ಇಷ್ಟಪಡದಿರುವುದಕ್ಕೂ ಅದೇ ಕಾರಣ.

ಮೂರನೆಯ ಸಂಗತಿ ಹಣದ ಮೇಲಿನ ಗಂಟು. 2021ರಿಂದ 2026ರವರೆಗಿನ ಐದು ವರ್ಷಗಳಿಗೆ 15ನೆಯ ಹಣಕಾಸು ಆಯೋಗವು ಪಂಚಾಯಿತಿ ಅನುದಾನದ ಶೇಕಡಾ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತ್ತು. ಉಳಿದ 40ರಲ್ಲಿ ಮಾತ್ರ ಊರಿನವರು ತಮ್ಮ ಇಷ್ಟದ ಕೆಲಸ ಆರಿಸಬಹುದಾಗಿತ್ತು. ನೀರು, ನೈರ್ಮಲ್ಯ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಜನರ ಯೋಜನೆ ಎಂದು ಹೆಸರಿಟ್ಟು, ಅದರಲ್ಲಿ ಎಷ್ಟು ಭಾಗ ಜನರ ಕೈಯಲ್ಲಿದೆ ಎಂದು ಸಭೆಯ ಆರಂಭದಲ್ಲಿಯೇ ಹೇಳದಿದ್ದರೆ ಅದು ಪ್ರಾಮಾಣಿಕವಲ್ಲ. ನೆರೆಯ ಕೇರಳದಲ್ಲಿ 1996ರ ಜನತಾ ಯೋಜನೆಯ ವೇಳೆ ರಾಜ್ಯದ ಯೋಜನಾ ಹಣದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಸ್ಥಳೀಯ ಸಂಸ್ಥೆಗಳಿಗೇ ಬಿಟ್ಟುಕೊಟ್ಟರು. ಸಭೆಗೆ ಜನ ಬಂದದ್ದು ಅದಕ್ಕೆ.

ಪಟ್ಟಣದ ವಿದ್ಯಾರ್ಥಿಗಳಿಗೆ ಇಲ್ಲೊಂದು ಆಶ್ಚರ್ಯ ಕಾದಿದೆ. ಸಂವಿಧಾನವು ನಗರಗಳಲ್ಲಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿರುವುದು ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ಊರುಗಳಿಗೆ ಮಾತ್ರ. ನಿಪ್ಪಾಣಿ, ಅಥಣಿ, ಚಿಕ್ಕೋಡಿ ಯಾವುದೂ ಆ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಪಕ್ಕದ ಹಳ್ಳಿಯ ಅಜ್ಜಿಗೆ ಸಂವಿಧಾನ ಹೆಸರಿಸಿರುವ ಗ್ರಾಮಸಭೆ ಇದೆ. ನೂರೆಪ್ಪತ್ತು ವರ್ಷ ಹಳೆಯ ಪುರಸಭೆಯ ಪಟ್ಟಣದ ವಕೀಲರಿಗೆ ಅಂಥದೊಂದು ಸಭೆಯ ಭರವಸೆ ಸಂವಿಧಾನದಲ್ಲಿಲ್ಲ. ಹಳ್ಳಿ ಬೆಳೆದು ಪಟ್ಟಣ ಪಂಚಾಯಿತಿಯಾದ ದಿನ ಪಟಾಕಿ ಹಾರಿಸುವವರು, ಅಂದೇ ಗ್ರಾಮಸಭೆ ಕೈಬಿಟ್ಟು ಹೋಯಿತೆಂಬುದನ್ನು ಗಮನಿಸುವುದಿಲ್ಲ. ಪುರಸಭೆಗಳು ಬಜೆಟ್ಟಿಗೆ ಮೊದಲು ನಾಗರಿಕರ ಪೂರ್ವಭಾವಿ ಸಭೆ ಕರೆಯುವ ಪದ್ಧತಿ ಇದೆ, ನಿಜ. ಪತ್ರಿಕೆಯಲ್ಲಿ ಅದರ ಫೋಟೋ ಬರುತ್ತದೆ. ಫೋಟೋದಲ್ಲಿ ಮುಂದಿನ ಸಾಲು ತುಂಬಿರುತ್ತದೆ. ನಿಪ್ಪಾಣಿಯಿಂದ ಅದೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಸಿಗುವ ಪುಣೆಯಲ್ಲಿ 2006ರಿಂದ ನಿವಾಸಿಗಳು ತಮ್ಮ ವಾರ್ಡಿನ ಸಣ್ಣ ಕಾಮಗಾರಿಗಳನ್ನು ಬರೆದುಕೊಟ್ಟು ಮಹಾನಗರಪಾಲಿಕೆಯ ಬಜೆಟ್ಟಿನಲ್ಲಿ ಸೇರಿಸುವ ವ್ಯವಸ್ಥೆ ಆರಂಭವಾಯಿತು. ಸಣ್ಣ ಪಟ್ಟಣಕ್ಕೆ ಇದು ಇನ್ನೂ ಸುಲಭ. ಓಣಿಯ ಎಲ್ಲರಿಗೂ ಎಲ್ಲರೂ ಗೊತ್ತು.

ಕೊನೆಗೆ ನನ್ನ ಅನುಭವವೊಂದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಚಿತ್ರೀಕರಣಕ್ಕೆಂದು ಈ ಭಾಗದ ಒಂದು ಹಳ್ಳಿಯ ಗ್ರಾಮಸಭೆಗೆ ಹೋಗಿದ್ದೆವು. ಊರಿನ ಹೆಸರು ಬೇಡ. ಗಡಿಯ ಊರು, ವರದಿ ಓದುವುದು ಕನ್ನಡದಲ್ಲಿ, ಹಿಂದಿನ ಸಾಲಿನಲ್ಲಿ ಅದರ ಚರ್ಚೆ ಮರಾಠಿಯಲ್ಲಿ. ಕ್ಯಾಮೆರಾ ಕಂಡು ವೇದಿಕೆಯವರಿಗೆ ಉತ್ಸಾಹ. ಹೊಸ ವರ್ಷದ ಬೇಡಿಕೆಗಳನ್ನು ಬರೆದುಕೊಳ್ಳುವ ಕೆಲಸ ಭರದಿಂದ ಸಾಗಿತ್ತು: ಗಟಾರ, ಬೀದಿದೀಪ, ಸಮುದಾಯ ಭವನ. ಅಷ್ಟರಲ್ಲಿ ಹೆಂಗಸರ ಕಡೆಯಿಂದ ಸುಮಾರು ಅರವತ್ತು ದಾಟಿದ ಒಬ್ಬರು ಎದ್ದು ನಿಂತು, ‘ಸಾಹೇಬ್ರ, ಹೋದ ವರ್ಷನೂ ಹಿಂಗ ಬರ್ಕೊಂಡ ಹೋಗಿದ್ರೆಲ್ಲ, ಅದೇನಾತು ಅನ್ನೋದು ಮೊದ್ಲ ಹೇಳ್ರಿ. ಆಮ್ಯಾಲ ಈ ವರ್ಷದ್ದು ಬರ್ಕೊಳ್ರಿ’ ಎಂದರು. ‘ಅದು ಜಮಾಬಂದ್ಯಾಗ ಹೇಳ್ತೀವಿ, ಕುಂದ್ರಬೇ ಯವ್ವಾ’ ಎಂದು ಯಾರೋ ಸಮಾಧಾನ ಮಾಡಲು ಹೋದರು. ಆಕೆ ಕೂಡಲಿಲ್ಲ.

ನಾನು ವಿಜ್ಞಾನ ಓದಿದವನು. ತೂಕ ಹಾಕುವ ಮೊದಲು ತಕ್ಕಡಿಯ ಮುಳ್ಳು ಸೊನ್ನೆಯಲ್ಲಿದೆಯೇ ನೋಡಬೇಕೆಂದು ಪ್ರಯೋಗಾಲಯದಲ್ಲಿ ಮೊದಲ ದಿನವೇ ಕಲಿಸಿದ್ದರು. ಶಾಲೆಯ ಮೆಟ್ಟಿಲು ಹತ್ತದ ಆ ತಾಯಿ ಕೇಳಿದ್ದೂ ಅದನ್ನೇ. ಅಂದು ಕಾರ್ಯದರ್ಶಿಯವರು ಪಂಚಾಯಿತಿ ಕಚೇರಿಗೆ ಹೋಗಿ ಹಿಂದಿನ ವರ್ಷದ ನಡಾವಳಿ ಪುಸ್ತಕ ತಂದರು. ಒಂದೊಂದೇ ಬಾಬು ಓದತೊಡಗಿದರು. ಆಗಿದ್ದರೆ ಜನ ‘ಆಗೇದ’ ಎನ್ನುವರು, ಆಗದಿದ್ದರೆ ಸುಮ್ಮನಿರುವರು. ಸುಮ್ಮನಿದ್ದ ಬಾಬುಗಳೇ ಹೆಚ್ಚು. ಅಷ್ಟರಲ್ಲಿ ಹೊತ್ತು ಮುಳುಗಿ, ವಿದ್ಯುತ್ತೂ ಹೋಗಿ, ನಮ್ಮ ಕ್ಯಾಮೆರಾಕ್ಕೆ ಬೆಳಕು ಸಾಲದಾಯಿತು. ಚಿತ್ರೀಕರಣ ನಿಲ್ಲಿಸಿದೆವು. ಯಾರೋ ಮೊಬೈಲಿನ ಬೆಳಕು ಹಿಡಿದರು, ಪುಸ್ತಕ ಓದುವುದು ಮುಂದುವರಿಯಿತು. ನೀವು ಕಾರ್ಯಕ್ರಮದಲ್ಲಿ ನೋಡಿದ್ದು ಬೆಳಕಿದ್ದಾಗಿನ ಮೊದಲ ಹತ್ತು ನಿಮಿಷ ಮಾತ್ರ.